ನೀರೆಳೆಯುವ ಪೈಪು

ಸೋದರಮಾವನ ಮೊಣಕಾಲು ಕೈಕೊಟ್ಟಿದ್ದರಿಂದ ಆ ಕಾರು ನನಗೆ ಬಂತು. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂತೆ ಓಡುವ, ನನಗಿಂತ ವಯಸ್ಸಾದ ಕೆಂಪು ಸ್ಪೋರ್ಟ್ಸ್ ಕಾರು. "ಅದರಾಗ ಕುಂತರ ನನ್ನ ಎಬ್ಬಸಾಕ ಇಬ್ಬರು ಬೇಕು. ನೀನ ಓಡಸು," ಎಂದು ಮಾವ ಬೀಗದ ಕೈ ಕೊಟ್ಟ.

ಕಾರಿಗೆ ಇದ್ದದ್ದು ಒಂದೇ ಕಾಯಿಲೆ. ಬಳ್ಳಾರಿಯೊಳಗೆ ಎಷ್ಟು ತಿರುಗಿದರೂ, ಬಿಸಿಲಲ್ಲಿ ಸಿಗ್ನಲ್ ಹತ್ತಿರ ನಿಂತರೂ, ಎಂಜಿನ್ನಿನ ಬಿಸಿ ತೋರಿಸುವ ಸೂಜಿ ನಡುವೆ ಸುಮ್ಮನೆ ಕೂತಿರುತ್ತಿತ್ತು. ಊರು ದಾಟಿ ವೇಗ ಹಿಡಿದು ಒಂದಷ್ಟು ದೂರ ಹೋದರೆ ಮಾತ್ರ ಮೇಲೇರಲು ಶುರು. ನಮ್ಮ ಮೆಕ್ಯಾನಿಕ್ ಕೆಲಸ ಬಲ್ಲವರು. ಥರ್ಮೋಸ್ಟ್ಯಾಟ್ ಬದಲಿಸಿದರು, ರೇಡಿಯೇಟರ್ ಬಿಚ್ಚಿ ತೊಳೆಸಿದರು, ನೀರಿನ ಪಂಪು ಹೊಸದು ಕೂರಿಸಿದರು. ಶೆಡ್ಡಿನಲ್ಲಿ ಅರ್ಧ ತಾಸು ಸ್ಟಾರ್ಟ್ ಮಾಡಿ ಬಿಟ್ಟರೂ ಸೂಜಿ ಅಲುಗಲಿಲ್ಲ. ಊರು ದಾಟಿದರೆ ಮತ್ತೆ ಅದೇ ಕಥೆ.

"ನನ್ನ ಮುಂದ ಭಾಳ ಮರ್ಯಾದಸ್ತ ಆಗಿರ್ತೈತಿ ನೋಡ್ರಿ ಮೇಡಂ," ಎಂದರು ಅವರು. "ಇನ್ನ ಎಂಜಿನ್ ಹೆಡ್ ಇಳಿಸಿ ನೋಡಾದ ಒಂದ ಉಳದೈತಿ."

ಅಷ್ಟು ಹಳೆಯ ಎಂಜಿನ್ನಿನ ತಲೆ ಬಿಚ್ಚಿದರೆ ಮತ್ತೆ ಕೂಡಿಸುವ ಸಾಮಾನು ಎಲ್ಲಿ ಸಿಗುತ್ತದೋ ಎಂದು ಹೆದರಿ, ಒಂದು ವಾರ ತಡೆಯಿರಿ ಎಂದೆ.

ಆ ಭಾನುವಾರ ಸಿರುಗುಪ್ಪದಲ್ಲಿರುವ ಅಕ್ಕ ಊಟಕ್ಕೆ ಕರೆದಿದ್ದಳು. ಬಸ್ಸಿಗೆ ಹೋಗಬಹುದಿತ್ತು, ಹಟಕ್ಕೆ ಕಾರು ತೆಗೆದೆ. ಕುರುಗೋಡಿನ ಬಂಡೆಗುಡ್ಡಗಳು ಹಿಂದೆ ಸರಿದು, ಭತ್ತದ ಗದ್ದೆಗಳು ಶುರುವಾಗುವ ಹೊತ್ತಿಗೆ ಸೂಜಿ ಕೆಂಪು ಗೆರೆ ಮುಟ್ಟಿತು. ಕಾಲುವೆ ದಂಡೆಯಲ್ಲಿ ಒಂದು ಜಾಲಿಮರದ ಕೆಳಗೆ ನಿಲ್ಲಿಸಿ ಬಾನೆಟ್ ಎತ್ತಿದೆ. ಬಿಸಿ ಹಬೆ ಮುಖಕ್ಕೆ ಬಡಿಯಿತು.

ಹತ್ತಿರದಲ್ಲೇ ಒಂದು ಡೀಸೆಲ್ ಎಂಜಿನ್ ಡಬ್ ಡಬ್ ಎನ್ನುತ್ತ ಕಾಲುವೆಯಿಂದ ಗದ್ದೆಗೆ ನೀರು ಎತ್ತುತ್ತಿತ್ತು. ಅದರ ಪಕ್ಕ ಕೂತಿದ್ದ ಅರವತ್ತರ ಆಸುಪಾಸಿನ ಹೆಂಗಸು ಸೀರೆ ಮೇಲೆತ್ತಿ ಕಟ್ಟಿಕೊಂಡು ದಂಡೆ ಹತ್ತಿ ಬಂದಳು.

"ನೀರಿನ ಮುಚ್ಚಳ ಬಿಚ್ಚಬ್ಯಾಡ್ರಿ ಅಮ್ಮಾ, ಕುದಿಯೋ ನೀರು ಮಾರಿಗೆ ಹಾರತೈತಿ. ಆರ್ಲಿ."

ಆರುವ ತನಕ ಇಬ್ಬರೂ ನೆರಳಲ್ಲಿ ಕೂತೆವು. ಅವಳು ಕಾರಿನ ಸೊಬಗಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೇಳಿದ್ದೆಲ್ಲ ಕಾಯಿಲೆಯ ಬಗ್ಗೆಯೇ. ನಿಂತಾಗ ಬಿಸಿ ಆಗತೈತೇನು? ಇಲ್ಲ. ಮೆಲ್ಲಕ ಹೋದರ? ಇಲ್ಲ. ಜೋರು ಹೋದಾಗ ಅಷ್ಟ? ಹೌದು.

"ನೀರು ಯಾ ಕಡಿಂದ ಬಂದು ಯಾ ಕಡಿ ಹೋಗತೈತಿ?"

ನನಗೆ ಉತ್ಸಾಹ ಬಂತು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವಳು. ಎಂಜಿನ್ನಿನಲ್ಲಿ ಕಾದ ನೀರು ಮೇಲಿನ ಪೈಪಿನಿಂದ ರೇಡಿಯೇಟರಿಗೆ ಹೋಗುತ್ತದೆ, ಅಲ್ಲಿ ಆರಿ, ಕೆಳಗಿನ ಪೈಪಿನಿಂದ ಪಂಪು ಅದನ್ನು ಮತ್ತೆ ಎಂಜಿನ್ನಿಗೆ ಎಳೆದುಕೊಳ್ಳುತ್ತದೆ ಎಂದು ಕೈ ಆಡಿಸುತ್ತ ಪಾಠ ಮಾಡಿದೆ.

ಅವಳು ಎದ್ದು ಬಗ್ಗಿ, ಕೆಳಗಿನ ರಬ್ಬರ್ ಪೈಪನ್ನು ಎರಡು ಬೆರಳಲ್ಲಿ ಒತ್ತಿದಳು. "ಹಂಗಾರ ಇದು ಸೆಕ್ಷನ್ ಪೈಪು," ಎಂದಳು. ನೀರೆಳೆಯುವ ಸಕ್ಷನ್ ಪೈಪಿಗೆ ನಮ್ಮ ಕಡೆಯ ರೈತರು ಸೆಕ್ಷನ್ ಎನ್ನುತ್ತಾರೆ. "ಇಷ್ಟು ಮೆತ್ತಗ ಯಾಕೈತಿ?"

ರಬ್ಬರ್ ಅಲ್ಲವೇ ಎಂದೆ.

"ಚಾಲೂ ಮಾಡ್ರಿ."

ಆರಿದ ಮೇಲೆ ನೀರು ತುಂಬಿಸಿ ಸ್ಟಾರ್ಟ್ ಮಾಡಿದೆ. ಅವಳು ಬಾನೆಟ್ಟಿನ ಕೆಳಗೆ ಕಣ್ಣಾಡಿಸಿ, ಯಾರೂ ತೋರಿಸದೆಯೇ, ಕಾರ್ಬುರೇಟರಿನ ಪಕ್ಕದ, ಎಂಜಿನ್ನಿನ ವೇಗ ಏರಿಸುವ ಸಣ್ಣ ಸನ್ನೆಕೋಲನ್ನು ಬೆರಳಿಂದ ಎಳೆದಳು. ಎಂಜಿನ್ ಗರ್ಜಿಸಿತು. "ಬರ್ರಿ, ನೋಡ್ರಿಲ್ಲೆ!"

ಓಡಿ ಹೋಗಿ ಬಗ್ಗಿದೆ. ಎಂಜಿನ್ನಿನ ಸದ್ದು ಏರಿದ ಹಾಗೆ ಆ ಪೈಪು, ಹಸಿದವನ ಕೆನ್ನೆಯಂತೆ ಒಳಕ್ಕೆ ಕುಸಿದು, ಚಪ್ಪಟೆಯಾಗಿ, ತನ್ನ ಬಾಯಿ ತಾನೇ ಮುಚ್ಚಿಕೊಂಡಿತು. ಅವಳು ಸನ್ನೆಕೋಲು ಬಿಟ್ಟಳು. ಪೈಪು ಉಬ್ಬಿ ಗುಂಡಗಾಯಿತು. ಮತ್ತೆ ಎಳೆದಳು. ಮತ್ತೆ ಚಪ್ಪಟೆ.

ಇಷ್ಟು ತಿಂಗಳು ನಾವು ಎಲ್ಲ ಬಿಚ್ಚಿ ಹುಡುಕಿದ್ದು ಕಣ್ಣೆದುರಿಗೇ ಉಸಿರಾಡುತ್ತಿತ್ತು. ಒಳಗಿನ ಒತ್ತಡ ಕಡಿಮೆಯಾದರೆ ಹೊರಗಿನ ಗಾಳಿ ಅದುಮುತ್ತದೆ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆದ ಕೈ ನನ್ನದು. ನಿಂತ ಕಾರಿನಲ್ಲಿ ಪಂಪು ಮೆಲ್ಲಗೆ ಎಳೆಯುವಾಗ ಪೈಪು ತಾಳುತ್ತದೆ, ಓಡುವಾಗ ತಾಳುವುದಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ.

"ನಿಮಗೆ ಹೆಂಗ ತಿಳೀತು?"

"ನಾ ಕೆಟ್ಟು ಕಲತಿದ್ದು," ಎಂದು ನಕ್ಕಳು. ಮದುವೆಯಾದ ಹೊಸತರಲ್ಲಿ ಅವಳ ಮಾವ ಜ್ವರ ಬಂದು ಮಲಗಿದಾಗ ಎಂಜಿನ್ ಕೆಲಸ ಇವಳಿಗೆ ಬಿತ್ತಂತೆ. ನೀರು ಬಿಡುವ ಕಡೆಯ ಮೆತ್ತನೆಯ ಪೈಪನ್ನು ಎಳೆಯುವ ಕಡೆಗೆ ಸಿಕ್ಕಿಸಿ, ಹೊತ್ತು ಮುಳುಗುವ ತನಕ ಎಂಜಿನ್ ಓಡಿಸಿದರೂ ಒಂದು ಹನಿ ಬರಲಿಲ್ಲವಂತೆ. "ಅವತ್ತು ಅತ್ತಿದ್ದು ಇನ್ನಾ ನೆನಪೈತಿ. ಬಿಡೋ ಪೈಪು ಹೆಂಗಿದ್ರೂ ನಡೀತೈತಿ. ಎಳಿಯೋದಕ್ಕ ಎಲುಬು ಬೇಕು."

ಎಲುಬನ್ನೂ ಅವಳೇ ಮಾಡಿದಳು. ಬೇಲಿಯ ದಪ್ಪ ತಂತಿ ತಂದು ಗುದ್ದಲಿಯ ಹಿಡಿಗೆ ಬಿಗಿಯಾಗಿ ಸುತ್ತಿ ಹೊರಗೆಳೆದಳು. ಥೇಟ್ ಸ್ಪ್ರಿಂಗು. ನಾನು ಕಾರಿನ ಸ್ಪ್ಯಾನರಿನಿಂದ ಕ್ಲಿಪ್ಪು ಸಡಿಲಿಸಿ ಪೈಪು ಕಿತ್ತೆ. ಒಳಗಿಂದ ನೀರಿನ ಜೊತೆ ತುಕ್ಕಿನ ಚೂರುಗಳು ಉದುರಿದವು. ಒಂದು ಕಾಲಕ್ಕೆ ಅಲ್ಲಿಯೂ ಸ್ಪ್ರಿಂಗು ಇತ್ತು. ತುಕ್ಕು ಅದನ್ನು ತಿಂದು ಮುಗಿಸಿತ್ತು. ಅವಳು ಹೊಸ ತಂತಿಯನ್ನು ತಿರುವುತ್ತ ಒಳಗೆ ಇಳಿಸುವಾಗ ಆ ಬೆರಳುಗಳನ್ನೇ ನೋಡುತ್ತಿದ್ದೆ. ಎಲ್ಲೂ ಅವಸರವಿರಲಿಲ್ಲ, ಎಲ್ಲೂ ಅನುಮಾನವಿರಲಿಲ್ಲ. ಕಾಲುವೆಯ ನೀರು ಕೊಡದಲ್ಲಿ ತಂದು ತುಂಬಿದೆವು. ಸನ್ನೆಕೋಲು ಎಳೆದರೆ ಪೈಪು ಜಪ್ಪಯ್ಯ ಎಂದರೂ ಕುಸಿಯಲಿಲ್ಲ.

ತೆಕ್ಕಲಕೋಟೆ ದಾಟಿ ಸಿರುಗುಪ್ಪ ಮುಟ್ಟುವ ತನಕ ವೇಗ ಇಳಿಸಲಿಲ್ಲ. ಸೂಜಿ ನಡುವಿನಿಂದ ಕದಲಲಿಲ್ಲ. ಊಟ ತಣ್ಣಗಾಯಿತೆಂದು ಅಕ್ಕ ಬೈಯುತ್ತಿದ್ದರೆ ನಾನು ಅವಳಿಗೆ ಪೈಪಿನ ಕಥೆ ಹೇಳುತ್ತಿದ್ದೆ.

ಮರುದಿನ ನಮ್ಮ ಮೆಕ್ಯಾನಿಕ್ ಆ ಪೈಪು ಬಿಚ್ಚಿ, ತಂತಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, "ಅವರನ್ನ ನಾನೂ ಒಮ್ಮಿ ನೋಡಬೇಕ್ರಿ," ಎಂದರು.

ಹೊಸ ಪೈಪು ಹಾಕಿಸಿಕೊಂಡು ಮುಂದಿನ ತಿಂಗಳು ಅದೇ ದಂಡೆಗೆ ಹೋದೆ. ಒಂದು ಸುತ್ತು ಬನ್ನಿ ಎಂದು ಕರೆದರೆ, ಅವಳು ಮೊದಲು ಬಾನೆಟ್ ಎತ್ತಿಸಿ ಪೈಪು ಒತ್ತಿ ನೋಡಿ, ತಲೆಯಾಡಿಸಿ, ಆಮೇಲೆ ಸೀಟಿನಲ್ಲಿ ಕೂತಳು. "ನೆಲದ ಮ್ಯಾಲ ಕುಂತಂಗ ಐತಿ," ಎಂದಳು. ಕುರುಗೋಡಿನ ತನಕ ಹೋಗಿ ತಿರುಗಿ ಬಂದೆವು. ಹೋಗುವಾಗಲೂ ಬರುವಾಗಲೂ ಅವಳು ರಸ್ತೆಯ ಕಡೆ ನೋಡಲೇ ಇಲ್ಲ. ಕಣ್ಣೆಲ್ಲ ಸೂಜಿಯ ಮೇಲೆ.