ದೀಪದ ಕೆಳಗಿನ ಹಲಗೆ

ಹಾಸನದ ನಮ್ಮ ಸಭಾಭವನದ ಪಾಲಾಕ್ಷನಿಗೆ ಅನುಮಾನವೆಂಬುದು ಹುಟ್ಟುಗುಣ. ಟೀಗೆ ಸಕ್ಕರೆ ಒಂದು ಚೂರು ಜಾಸ್ತಿ ಬಿದ್ದರೂ, ಇವತ್ಯಾಕೆ ಇಷ್ಟು ಪ್ರೀತಿ ಎಂದು ಲೋಟವನ್ನೇ ಗುರಾಯಿಸುವ ಆಸಾಮಿ. ದಂಡಿಗನಹಳ್ಳಿಯಿಂದ ಬಡಗಿಯಾಗಿ ಬಂದವನು ಭವನದ ರಂಗಕ್ಕೆ ಹಲಗೆ ಹಾಸಿದ. ಸಮಿತಿಯವರು ಕೆಲಸ ಮೆಚ್ಚಿ ಅಲ್ಲೇ ಮೇಲ್ವಿಚಾರಕನಾಗಿ ಉಳಿಸಿಕೊಂಡರು. ಹತ್ತೊಂಬತ್ತು ವರ್ಷವಾಯಿತು. ನಾನು ಸಿದ್ದೇಶ, ಅರಕಲಗೂಡಿನವನು, ಅದೇ ಭವನಕ್ಕೆ ಮೈಕ್ ಸೆಟ್ ಹಾಕುವವನು. ಪಾಲಾಕ್ಷ ನಂಬುತ್ತಿದ್ದುದು ನನ್ನೊಬ್ಬನನ್ನೇ.

ಅವನ ಗುಟ್ಟು ಗೊತ್ತಿದ್ದುದೂ ನನಗೊಬ್ಬನಿಗೇ. ರಂಗದ ಎಡಭಾಗದ ಒಂದು ಹಲಗೆ ಹೊನ್ನೆಯದಲ್ಲ, ಅಗ್ಗದ ಸಿಲ್ವರ್ ಓಕ್. ಅಸಲಿ ಹೊನ್ನೆ ಹಲಗೆ ಅವನ ಮನೆಯ ಬಾಗಿಲಾಗಿದೆ. ಬಣ್ಣ ಬಳಿದಿದ್ದರಿಂದ ಮನುಷ್ಯರಿಗೆ ಗೊತ್ತಾಗಲಿಲ್ಲ, ಗೆದ್ದಲಿಗೆ ಗೊತ್ತಾಯಿತು. ಕಿತ್ತು ಬದಲಾಯಿಸೋಣವೆಂದರೆ ಸಮಿತಿಯವರ ಕಣ್ಣಿಗೆ ಬಿದ್ದು ಕೆಲಸ ಹೋಗುತ್ತದೆ. ಅದಕ್ಕೇ ಅದರ ಮೇಲೆ ಅಡ್ಡಲಾಗಿ ಅಗಲವಾದ ಮಣೆ ಹಾಕಿ, ಹಿತ್ತಾಳೆ ದೀಪದ ಕಂಬ ನಿಲ್ಲಿಸಿ, ಕಾರ್ಯಕ್ರಮ ಮುಗಿಯುವ ತನಕ ದೀಪ ಕದಲಿಸಿದರೆ ಅಶುಭವೆಂದು ಸಂಪ್ರದಾಯವನ್ನೇ ಹುಟ್ಟುಹಾಕಿದ. ಮಂತ್ರಿಗಳು ಬಂದಾಗಲೂ ದೀಪ ಕದಲಲಿಲ್ಲ.

ಕಳೆದ ತಿಂಗಳು ಬೆಂಗಳೂರಿನಿಂದ ಒಂದು ಬ್ಯಾಲೆ ತಂಡ ಬಂತು. ನಮ್ಮ ಕಡೆ ಬ್ಯಾಲೆ ಎಂದರೆ ಕಿರೀಟ, ಗದೆ, ಪುರಾಣದ ಕತೆ. ಇವರದು ಒಂದೇ ಸಂಜೆಗೆ ಮೂರು ಬೇರೆ ಬೇರೆ ನೃತ್ಯ. ಒಂದಕ್ಕೂ ಕತೆಯಿಲ್ಲ.

"ಕತೆನೇ ಇಲ್ದೆ ಕುಣಿಯಕ್ಕೆ ಅಷ್ಟು ದೂರದಿಂದ ಬತ್ತಾರಾ? ಇದ್ರಲ್ಲೇನೋ ಐತೆ ಕಣ್ಲಾ," ಎಂದ ಪಾಲಾಕ್ಷ.

ತಂಡದ ಮುಖ್ಯಸ್ಥೆ ಪ್ರಿಯಂವದಾ ರಂಗ ಹತ್ತಿದವರೇ ಮಂಡಿಯೂರಿ ಹಲಗೆಗಳನ್ನು ಬೆರಳಲ್ಲಿ ಬಡಿದು ನೋಡತೊಡಗಿದರು. ಎಲ್ಲಿ ಹೋದರೂ ಮೊದಲು ನೆಲ ನೋಡುವುದು ಅವರ ಪದ್ಧತಿಯಂತೆ. ಪಾಲಾಕ್ಷ ನನ್ನನ್ನು ಪಕ್ಕಕ್ಕೆ ಎಳೆದ.

"ಇವ್ರು ಕುಣಿಯೋರಲ್ಲ. ಸಮಿತಿಯೋರು ತಪಾಸಣೆಗೆ ಕಳ್ಸವ್ರೆ," ಎಂದು ನನ್ನ ಕಿವಿಯಲ್ಲಿ ಉಸುರಿದ.

ಪ್ರಿಯಂವದಾ ದೀಪದ ಹತ್ತಿರ ಬಂದರು. "ಇದನ್ನ ಕೆಳಗಿಡಿಸಿ ಯಜಮಾನ್ರೇ. ಮೂರನೇ ನೃತ್ಯಕ್ಕೆ ಇಡೀ ರಂಗ ಬೇಕು. ಇಂಚರ ಹಾರಿ ಬಂದು ಇಳಿಯೋದು ಇಲ್ಲೇ."

"ದೀಪ ಕದಲಿಸ್ಬಾರ್ದು ತಾಯಿ. ಇಲ್ಲಿ ಹಿಂದಿಂದ ಬಂದಿರೋದು."

"ಜನರ ಎದುರಿಗೇ, ಕೆಳಗೇ ಹಚ್ಚೋಣ. ಇನ್ನೂ ಒಳ್ಳೇದು," ಎಂದು ಅವರು ನಕ್ಕು ದೀಪ, ಮಣೆ ಎರಡನ್ನೂ ಸಾಗಿಸಿಯೇಬಿಟ್ಟರು. ಮೇಲೆ ಕರಿ ರಬ್ಬರ್ ಹಾಸು ಬಿತ್ತು. ಹಲಗೆ ಯಾವುದೆಂದು ಈಗ ನಮ್ಮಿಬ್ಬರಿಗೆ ಬಿಟ್ಟರೆ ದೇವರಿಗೂ ತಿಳಿಯುವಂತಿರಲಿಲ್ಲ.

ಎದುರಂಗಡಿಯ ರುದ್ರಯ್ಯ ಎಲ್ಲರಿಗೂ ಟೀ ತಂದುಕೊಟ್ಟು, ಪ್ರಿಯಂವದಾ ಅವರ ಹತ್ತಿರ ಎರಡು ಮಾತಾಡಿ ಹೋದ. ಅದನ್ನೂ ಪಾಲಾಕ್ಷ ಕಣ್ಣು ಕಿರಿದು ಮಾಡಿ ನೋಡಿದ.

ಇಂಚರ ಹೊಳೆನರಸೀಪುರದ ಹುಡುಗಿ, ಇಪ್ಪತ್ತು ದಾಟಿರಲಿಕ್ಕಿಲ್ಲ. ಮೂಲೆಯಲ್ಲಿ ಕೂತು, ಹಾಡು ಗುನುಗಿಕೊಂಡು ಕಾಲ್ಬೆರಳುಗಳಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ಆ ಕಾಲು ಇಳಿಯುವುದು ಗೆದ್ದಲು ತಿಂದ ಹಲಗೆಯ ಮೇಲೆ. ಪಾಲಾಕ್ಷ ಜನರೇಟರ್ ನೋಡಲು ಹೋದಾಗ ಪ್ರಿಯಂವದಾ ಅವರನ್ನು ಪಕ್ಕಕ್ಕೆ ಕರೆದು ಹಲಗೆಯ ವಿಷಯ ಹೇಳಿಬಿಟ್ಟೆ.

ಅವರು ಕೇಳಿದ್ದು ಒಂದೇ ಮಾತು: "ಅವರೇ ಯಾಕೆ ಹೇಳಲಿಲ್ಲ?"

"ಕೆಲಸ ಹೋಗುತ್ತೆ ಮೇಡಂ. ನಾನು ಹೇಳಿದೆ ಅಂತ ಮಾತ್ರ ಅವನಿಗೆ ಗೊತ್ತಾಗಬಾರದು."

ಅವರು ಒಪ್ಪಿದರು. ಹುಡುಗಿಯರನ್ನು ಒಳಗೆ ಕರೆದು, ಯಾರು ಎಲ್ಲಿ ಇಳಿಯಬೇಕೆಂದು ಬದಲಾಯಿಸಿಕೊಂಡರು.

ಸಂಜೆ ಭವನ ಭರ್ತಿ. ಮೊದಲ ನೃತ್ಯದಲ್ಲಿ ಇಬ್ಬರೇ, ಸಂಗೀತವೂ ಇಲ್ಲ. ಜನ ಮೈಕ್ ಕೆಟ್ಟಿತೆಂದು ನನ್ನ ಕಡೆ ತಿರುಗಿ ತಿರುಗಿ ನೋಡಿದರು. ಎರಡನೆಯದಕ್ಕೆ ಮೃದಂಗ ಬಂತು, ಚಪ್ಪಾಳೆಯೂ ಬಂತು. ಮೂರನೆಯದು ಶುರುವಾಗುವಾಗ ಪಾಲಾಕ್ಷ ಕಾಣಲಿಲ್ಲ. ರಂಗದ ಅಡಿಗೆ ಹೋಗುವ ಗಿಡ್ಡ ಬಾಗಿಲು ತೆರೆದಿತ್ತು. ಬಗ್ಗಿ ಮೊಬೈಲ್ ಬೆಳಕು ಬಿಟ್ಟೆ.

ಪಾಲಾಕ್ಷ ಮಂಡಿಯೂರಿ, ಆ ಹಲಗೆಗೆ ಹೆಗಲು ಕೊಟ್ಟು ಕೂತಿದ್ದ. ಕುತ್ತಿಗೆಯ ನರ ಉಬ್ಬಿತ್ತು, ತಲೆಯ ತುಂಬ ಗೆದ್ದಲು ಮಣ್ಣು.

"ಓಗ್ಲಾ, ನಿನ್ನ್ ಮೈಕ್ ನೋಡ್ಕೋ," ಎಂದು ಹಲ್ಲು ಕಚ್ಚಿ ಹೇಳಿದ. "ಆ ಮಗಿ ಬಿದ್ರೆ ನಾನ್ ಬದ್ಕಕ್ಕಿಲ್ಲ."

ಯಾರೂ ಅಲ್ಲಿ ಕಾಲಿಡುವುದಿಲ್ಲ, ಎದ್ದು ಬಾ ಎನ್ನಲು ಒಂದು ಮಾತು ಸಾಕಿತ್ತು. ಹಾಗೆಂದರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾನೆ. ನಾನು ಹೇಡಿ. ಬಾಗಿಲು ಓರೆ ಮಾಡಿ ವಾಪಸು ಬಂದೆ. ಇಪ್ಪತ್ತೆರಡು ನಿಮಿಷ ಇಂಚರ ಹಕ್ಕಿಯ ಹಾಗೆ ಹಾರಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಏನೂ ರುಚಿಸಲಿಲ್ಲ.

ತಂಡದವರೆಲ್ಲ ಹೊರಟ ಮೇಲೆ ಪಾಲಾಕ್ಷ ಅಂಗಿ ಬಿಚ್ಚಿ ನನ್ನ ಮುಂದೆ ಕೂತ. ಹೆಗಲು ಕಪ್ಪಗೆ ಕಂದಿತ್ತು. ನಾನು ಎಣ್ಣೆ ಹಚ್ಚಿದೆ.

"ಎಲ್ಲಾ ಸುತ್ತಮುತ್ತಾನೇ ತುಳುದ್ರು. ನನ್ನ್ ಮ್ಯಾಲೆ ಒಬ್ರೂ ಕಾಲಿಡ್ಲಿಲ್ಲ ಕಣ್ಲಾ," ಎಂದ. "ಯಾರೋ ಹೇಳವ್ರೆ."

ನನ್ನ ಕೈ ನಿಂತಿತು. "ಅವರೇ ಬಡಿದು ಕಂಡ್ಕೊಂಡಿರ್ಬೇಕು ಬಿಡು."

"ಇಲ್ಲ. ಬಡ್ದಿದ್ದು ದೀಪ ತೆಗೆಯಕ್ಕೆ ಮುಂಚೆ, ಆಗ ಅದ್ರ ಮ್ಯಾಲೆ ಮಣೆ ಇತ್ತು. ಆಮೇಲೆ ಅವ್ರ ತಾವ ನಿಂತು ಪಿಸುಗುಟ್ಟಿದ್ದು ರುದ್ರಯ್ಯ. ಯಾವತ್ತೋ ಕುಡ್ಕಂಡು ಹೋಗಿ ಅವ್ನಂಗಡೀಲಿ ಒದ್ರಿರ್ತೀನಿ, ಕದ್ದು ಕೇಳವ್ನೆ. ನಿನ್ನ್ ಮ್ಯಾಲಂತೂ ನಂಗೆ ಅನ್ಮಾನ ಇಲ್ಲ ಕಣಪ್ಪ."

ನಾನು ಎಣ್ಣೆ ತಿಕ್ಕುವುದನ್ನು ಮುಂದುವರಿಸಿದೆ.

ಮುಂದಿನ ಭಾನುವಾರ, ಕೆಲಸ ಹೋದರೆ ಹೋಗಲೆಂದು, ಇಬ್ಬರೂ ಸೇರಿ ಗುಟ್ಟಾಗಿ ಹೊಸ ಹಲಗೆ ಕೂರಿಸಿದೆವು. ಅಂದಿನಿಂದ ಪಾಲಾಕ್ಷ ರುದ್ರಯ್ಯನ ಅಂಗಡಿಯ ಕಡೆ ತಲೆ ಹಾಕಿಲ್ಲ. ಹದಿನೈದು ವರ್ಷ ಟೀ ಕುಡಿದ ಅಂಗಡಿ. ಬಸ್ ಸ್ಟ್ಯಾಂಡ್ ತನಕ ನಡೆದು ಬೇರೆ ಕಡೆ ಕುಡಿಯುತ್ತಾನೆ. ನಾನೂ ಜೊತೆಗೆ ಹೋಗುತ್ತೇನೆ.

ನಿನ್ನೆ ಹಾಗೆ ಹೋಗುವಾಗ ಪಾಲಾಕ್ಷ ನಾಲ್ಕು ಹೆಜ್ಜೆ ಮುಂದಿದ್ದ. ರುದ್ರಯ್ಯ ಅಂಗಡಿಯಿಂದ ಇಳಿದು ಬಂದು ನನ್ನ ತೋಳು ಹಿಡಿದುಕೊಂಡ.

"ಸಿದ್ದೇಶಣ್ಣ, ನಾನೇನ್ ತಪ್ ಮಾಡ್ದೆ ಅಂತ ನೀನಾದ್ರೂ ಹೇಳಣ್ಣ."

ಪಾಲಾಕ್ಷ ಅಲ್ಲಿಂದಲೇ ತಿರುಗಿ, "ಬಾರ್ಲಾ, ಅವ್ನ ತಾವ ಏನ್ ಮಾತು," ಎಂದು ಕೂಗಿದ. ನಾನು ತೋಳು ಬಿಡಿಸಿಕೊಂಡು ಹೋದೆ.