ಕಾಲು ಸುತ್ತು

ಮಾಟುಂಗದ ಡಾಕ್ಟರ್ ಹಿರಿಯಣ್ಣನವರ ಹಸಿರು ಸ್ಪೋರ್ಟ್ಸ್ ಕಾರು ಡ್ರೈವರ್ ಕಾಂತಪ್ಪನ ಕೈಯಲ್ಲಲ್ಲದೆ ಇನ್ನಾರ ಕೈಯಲ್ಲೂ ಸ್ಟಾರ್ಟ್ ಆಗುತ್ತಿರಲಿಲ್ಲ. ಆಗದ ಹಾಗೆ ಮಾಡಿದವನೂ ಅವನೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಯಾವತ್ತು ಬಿಡಿಸುತ್ತಾರೋ ಎಂಬ ಹೆದರಿಕೆಗೆ, ಕಾರ್ಬ್ಯುರೇಟರಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿಟ್ಟಿದ್ದ. ಹೊರಡುವ ಮುಂಚೆ ಬಾನೆಟ್ ಎತ್ತಿ ಸರಿಮಾಡುವುದು, ಬಂದ ಮೇಲೆ ಮತ್ತೆ ಕೆಡಿಸುವುದು. ಡಾಕ್ಟರು ಅದನ್ನು ಕೈಗುಣವೆಂದರು. ಆ ಕೈಗುಣ ಆರು ವರ್ಷ ಅವನನ್ನು ತನ್ನೂರು ಉಡುಪಿಯ ಕಡೆ ತಲೆಹಾಕಲು ಬಿಡಲಿಲ್ಲ. ತಂಗಿ ಸೇವಂತಿಯ ಮದುವೆಗೆ ರಜೆ ಕೇಳಿದಾಗಲೂ "ನೀನಿಲ್ದೆ ಆ ಕಾರು ಮಿಸುಕಲ್ವಲ್ಲಯ್ಯ" ಎಂದೇ ಉತ್ತರ.

ಐವತ್ತಾರನೇ ಇಸವಿಯಲ್ಲಿ ಅದೇ ಕಾರಿನ ಹೊಸ ಮಾಡೆಲ್ ಬಂತು. ಹಳೆಯದರ ಮೇಲೆ ಜೀವವಿಟ್ಟುಕೊಂಡಿದ್ದ ಡಾಕ್ಟರಿಗೆ ಮನಸ್ಸೊಪ್ಪದು. "ನೀನೇ ಹೇಳಪ್ಪ, ಏನ್ಮಾಡ್ಲಿ?" ಎಂದರು.

"ಹೊಸತೇ ತೆಗೊಳ್ಳಿ ಸಾರ್. ಇದಕ್ಕೆ ಪ್ರಾಯ ಆಯ್ತಲ್ಲ" ಎಂದ ಕಾಂತಪ್ಪ. ಹೇಳುವಾಗಲೇ ಮಂಗಳೂರಿನ ಹಡಗು ಹತ್ತಿದವನಷ್ಟು ಹಗುರಾಗಿದ್ದ.

ಕೆಂಪು ಕಾರು ಬಂತು. ಡಾಕ್ಟರು ತಾವೇ ಕುಳಿತು ಸ್ಟಾರ್ಟ್ ಮಾಡಿದರು. ಮೊದಲ ಸಲಕ್ಕೇ ಗುರ್ರೆಂದಿತು. ಬಾಂದ್ರಾಕ್ಕೆ ಒಬ್ಬರೇ ಹೋಗಿ ಒಬ್ಬರೇ ಬಂದರು.

"ನನ್ನ ಕೈಲೇ ಆಗುತ್ತೆ ಕಣಯ್ಯ. ನೀನು ಆರಾಮಾಗಿ ಊರಿಗೆ ಹೋಗ್ಬಾ. ಅವಸರ ಏನೂ ಇಲ್ಲ."

ಅವಸರ ಏನೂ ಇಲ್ಲ ಎಂಬ ಮಾತು ಕಾಂತಪ್ಪನ ಎದೆಯಲ್ಲಿ ಕುಳಿತುಬಿಟ್ಟಿತು. ಡಾಕ್ಟರು ಮೇಲೆ ಹೋದ ಮೇಲೆ ಅವನು ಹೊಸ ಕಾರನ್ನು ಸಾವಕಾಶವಾಗಿ ಒರೆಸಿದ. ಆಮೇಲೆ ಬಾನೆಟ್ ಎತ್ತಿ, ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದ.