ಮಡಿಲಕ್ಕಿಯೂ ಒಂದು ಮತವೂ

೧೯೮೭ರಲ್ಲಿ ಕೊತ್ತಗೆರೆ ಕಡೆಯ ಒಂದು ಮಂಡಲ ಪಂಚಾಯಿತಿಗೆ ಗೆದ್ದುಬಂದ ಸೂಲಗಿತ್ತಿ ಸಿದ್ದಗಂಗಮ್ಮನಿಗೆ ಯಾರ ಮುಲಾಜೂ ಇರಲಿಲ್ಲ. ಸದಸ್ಯರ ಮತದಿಂದ ಮಂಡಲದ ಪ್ರಧಾನನಾಗಲು ನಿಂತ ಚೌಡಪ್ಪ ಅವಳದೇ ಪಕ್ಷದವನು. ಆದರೆ ಬೇಸಿಗೆಯಲ್ಲಿ ಕಾಲೋನಿಯ ಹೆಂಗಸರು ನೀರಿಗೆ ಬಂದಾಗ ತನ್ನ ಪಂಪ್‌ಸೆಟ್ ಮನೆಗೆ ಬೀಗ ಜಡಿದಿದ್ದ. ಅವನೆದುರು ನಿಂತಿದ್ದ ಬೇರೆ ಪಕ್ಷದ ಗಂಗಹನುಮಯ್ಯ ಕುಣಿಗಲ್ಲಿನ ತಾಲೂಕು ಕಚೇರಿಗೆ ಅಲೆದಲೆದು ಅವರಿಗೆ ಬೋರ್‌ವೆಲ್ ಹಾಕಿಸಿದ್ದ.

“ಇದ್ರಲ್ಲಿ ಯೋಚ್ನೆ ಮಾಡಕ್ಕೆ ಏನೈತೆ?” ಎಂದು ಅವಳು ಗಂಡನ ಮೇಲೆ ರೇಗಿದ್ದಳು.

ಆಯ್ಕೆಯ ಹಿಂದಿನ ದಿನ ಚೌಡಪ್ಪನ ಹೆಂಡತಿ ರಂಗಲಕ್ಷ್ಮಮ್ಮ ಅವಳನ್ನು ಮನೆಗೆ ಕರೆದು, ಮಣೆಯ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ, ರವಿಕೆ ಕಣ ಇಟ್ಟು ಮಡಿಲು ತುಂಬಿದಳು. ಅವಳ ಮೂರೂ ಹೆರಿಗೆ ಮಾಡಿಸಿದ್ದು ಸಿದ್ದಗಂಗಮ್ಮನೇ. ಮತದ ಮಾತೇ ಬರಲಿಲ್ಲ. ಮುತ್ತೈದೆ ಮಡಿಲು ತುಂಬುವಾಗ ಬೇಡ ಎನ್ನುವುದು ಹೇಗೆ? ಸೆರಗೊಡ್ಡಿದಳು.

ಮರುದಿನ ಗುಟ್ಟಿನ ಚೀಟಿಯಲ್ಲಿ ಗಂಗಹನುಮಯ್ಯನಿಗೇ ಗುರುತು ಹಾಕಿದಳು. ಚೌಡಪ್ಪ ಒಂದೇ ಮತದಿಂದ ಸೋತ.

ಸಂಜೆ ರಂಗಲಕ್ಷ್ಮಮ್ಮ ಅಳುತ್ತ ಬಂದು ಅವಳ ಕೈ ಹಿಡಿದುಕೊಂಡಳು.

“ನಮ್ಮೋರೇ ಯಾರೋ ಕೈಕೊಟ್ರು ಕಣಕ್ಕ. ನೀನೊಬ್ಳು ಕೈಬಿಡ್ಲಿಲ್ಲ.”

ಮಡಿಲಕ್ಕಿಯಲ್ಲಿ ಅನ್ನ ಮಾಡುವ ಧೈರ್ಯ ಬಾರದೆ, ಗಂಟು ಹಾಗೇ ಮೂಲೆಯಲ್ಲಿತ್ತು. ಅದು ರಂಗಲಕ್ಷ್ಮಮ್ಮನ ಕಣ್ಣಿಗೆ ಬೀಳದಂತೆ ಸಿದ್ದಗಂಗಮ್ಮ ಅಡ್ಡ ನಿಂತಳು.